ಜರ್ನಲಿಸಂ ಓದಿ ಎನ್‌ಜಿಒಗೆ ಹೋಗುವುದು ಹೇಗೆ: ಮೈಸೂರು, ಮಂಡ್ಯದವರಿಗೆ ಹಂತ ಹಂತದ ಮಾಹಿತಿ

‘ಜರ್ನಲಿಸಂ ಮುಗಿಸಿದ್ದೀನಿ. ಟಿವಿ ಬೇಡ, ಪೇಪರ್‌ನಲ್ಲಿ ಸಂಬಳ ಸಾಲಲ್ಲ. ಎನ್‌ಜಿಒದಲ್ಲಿ ಬರೆಯೋ ಕೆಲಸ ಸಿಗುತ್ತಂತೆ, ಹೌದಾ?’ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಮಾನಸಗಂಗೋತ್ರಿಯಲ್ಲಿ ಎಂ.ಎ. ಮಾಡುತ್ತಿರುವವರು ಕೇಳುತ್ತಾರೆ. ಮಂಡ್ಯದಿಂದ ದಿನಾ ಓಡಾಡಿಕೊಂಡು ಪದವಿ ಮುಗಿಸಿದವರು ಕೇಳುತ್ತಾರೆ. ವರದಿಗಾರಿಕೆ ಮಾಡಿ ಸುಸ್ತಾದವರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಹೌದು, ಸಿಗುತ್ತದೆ. ಆದರೆ ಬರವಣಿಗೆ ಚೆನ್ನಾಗಿದೆ ಅನ್ನುವ ಒಂದೇ ಕಾರಣಕ್ಕೆ ಸಿಗುವುದಿಲ್ಲ. ನೀವು ಓದಿದ ಪತ್ರಿಕೋದ್ಯಮದಲ್ಲಿ ಈ ಕೆಲಸಕ್ಕೆ ಜಾಸ್ತಿ ಬೆಲೆ ಇರುವುದು ಎರಡು ಅಭ್ಯಾಸಗಳಿಗೆ. ಪರಿಶೀಲಿಸದೆ ಏನನ್ನೂ ಬರೆಯದಿರುವುದು ಒಂದು. ಗೊತ್ತಿಲ್ಲದ ಊರಿಗೆ ಹೋಗಿ ಗೊತ್ತಿಲ್ಲದವರ ಜೊತೆ ಕೂತು ಮಾತಾಡುವುದು ಇನ್ನೊಂದು. ಪೋಸ್ಟರ್ ಮಾಡುವುದನ್ನು ಯಾರು ಬೇಕಾದರೂ ಸ್ವಲ್ಪ ದಿನದಲ್ಲಿ ಕಲಿಯುತ್ತಾರೆ. ಈ ಎರಡನ್ನು ಹೊಸಬರಿಗೆ ಕೂರಿಸಿ ಕಲಿಸಲು ಸಂಸ್ಥೆಗಳಿಗೆ ಪುರುಸೊತ್ತಿಲ್ಲ, ಬಂದವರಿಗೆ ಮೊದಲೇ ಇದ್ದರೆ ಅವರಿಗೆ ಖುಷಿ.

ಅಲ್ಲಿ ನಿಜವಾಗಿ ಏನು ಕೆಲಸ?

ಎನ್‌ಜಿಒ ಅಂದರೆ ಲಾಭಕ್ಕಾಗಿ ನಡೆಯದ, ಸರ್ಕಾರದ್ದಲ್ಲದ ಸಂಸ್ಥೆ. ಅಲ್ಲಿ ನಿಮಗೆ ಸಿಗುವ ಹುದ್ದೆಯ ಹೆಸರು ಕಮ್ಯುನಿಕೇಷನ್ ಆಫೀಸರ್, ಡಾಕ್ಯುಮೆಂಟೇಷನ್ ಆಫೀಸರ್, ಕಂಟೆಂಟ್ ಅಸೋಸಿಯೇಟ್, ಹೀಗೆ ಏನು ಬೇಕಾದರೂ ಇರಬಹುದು. ಹೆಸರು ನೋಡಿ ಮೋಸ ಹೋಗಬೇಡಿ. ಸಣ್ಣ ಸಂಸ್ಥೆಯಲ್ಲಿ ಇವೆಲ್ಲಾ ಒಬ್ಬರೇ ಮಾಡುವ ಕೆಲಸ. ಬೆಳಿಗ್ಗೆ ಹಣ ಕೊಟ್ಟ ಕಂಪನಿಗೆ ಇಂಗ್ಲಿಷ್‌ನಲ್ಲಿ ವರದಿ, ಮಧ್ಯಾಹ್ನ ಅಂಗನವಾಡಿಗೆ ಹಂಚುವ ಕನ್ನಡ ಕರಪತ್ರ, ಸಂಜೆ ಸ್ಥಳೀಯ ಪತ್ರಿಕೆಗಳಿಗೆ ಪ್ರಕಟಣೆ, ಇದರ ಮಧ್ಯೆ ‘ಇನ್‌ಸ್ಟಾಗ್ರಾಂಗೆ ಏನಾದ್ರೂ ಹಾಕಿ’ ಅಂತ ನಿರ್ದೇಶಕರ ಫೋನು.

ಇಂಥ ಹುದ್ದೆಗಳಿಗೆ ಬೇಡಿಕೆ ಬರಲು ಒಂದು ದೊಡ್ಡ ಕಾರಣ ಕಾನೂನು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನಿವ್ವಳ ಮೌಲ್ಯ 500 ಕೋಟಿ ರೂಪಾಯಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಇದನ್ನೇ ಸಿಎಸ್‌ಆರ್ ಅನ್ನುವುದು. ಹೆಬ್ಬಾಳ, ಹೂಟಗಳ್ಳಿ, ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಂಪನಿಗಳು ಶಾಲೆಗೆ ಶೌಚಾಲಯ ಕಟ್ಟಿಸಿದ ಬೋರ್ಡು ನೋಡಿರುತ್ತೀರಿ ಅಲ್ವಾ, ಅದು ಇದೇ ಹಣ. ದುಡ್ಡು ಕೊಟ್ಟವರಿಗೆ ಲೆಕ್ಕದ ಜೊತೆಗೆ ‘ಏನು ಬದಲಾಯಿತು’ ಅನ್ನುವ ವರದಿಯೂ ಬೇಕು. ಅದನ್ನು ಬರೆಯುವವರು ಬೇಕು.

ಶುರು ಮಾಡುವ ಮೊದಲು ಇರಬೇಕಾದವು: ತಪ್ಪಿಲ್ಲದೆ ಕನ್ನಡ ಬರೆಯುವುದು, ಸರಳ ಇಂಗ್ಲಿಷ್, ಎಕ್ಸೆಲ್ ಶೀಟ್ ಓದಲು ಬರುವುದು, ಮತ್ತು ಊರೂರು ತಿರುಗಲು ಬೇಸರ ಇಲ್ಲದಿರುವುದು. ಇಂಗ್ಲಿಷ್ ಬಗ್ಗೆ ತುಂಬಾ ಜನ ಹೆದರುತ್ತಾರೆ. ಹೆದರಬೇಡಿ, ಆದರೆ ಅದನ್ನು ಬಿಟ್ಟು ಬಿಡಲೂ ಬೇಡಿ. ಚೆನ್ನಾಗಿ ಇಂಗ್ಲಿಷ್ ಬರೆಯುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಇದ್ದಾರೆ. ಸರಗೂರು ಕಡೆ ಒಬ್ಬ ಅಜ್ಜಿ ಹೇಳಿದ್ದನ್ನು ಸರಿಯಾಗಿ ಕೇಳಿಸಿಕೊಂಡು, ಅದರ ಅರ್ಥ ಕೆಡದಂತೆ ಸಾದಾ ಇಂಗ್ಲಿಷ್‌ನಲ್ಲಿ ಬರೆಯಬಲ್ಲವರು ಕಡಿಮೆ. ನಿಮ್ಮ ಜಾಗ ಅಲ್ಲಿದೆ.

1. ಓದುವಾಗಲೇ ದಿಕ್ಕು ಹಿಡಿಯಿರಿ

ಇನ್ನೂ ಓದುತ್ತಿದ್ದರೆ ನಿಮ್ಮ ಕೈಯಲ್ಲಿ ಸಮಯ ಇದೆ. ಮಹಾರಾಜ ಕಾಲೇಜಿನಲ್ಲಿ 1950ರ ದಶಕದಿಂದಲೇ ಪತ್ರಿಕೋದ್ಯಮ ಕಲಿಸುತ್ತಿದ್ದಾರೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ.ಎ. ಇದೆ. ಕೆಲಸ ಮಾಡಿಕೊಂಡೇ ಓದುವವರು ಮುಕ್ತ ವಿಶ್ವವಿದ್ಯಾಲಯದ ಕಡೆ ನೋಡಬಹುದು. ಪದವಿಯಲ್ಲಿ ಪತ್ರಿಕೋದ್ಯಮದ ಜೊತೆಗೆ ಸಮಾಜಶಾಸ್ತ್ರ, ಅರ್ಥಶಾಸ್ತ್ರ ಅಥವಾ ಮನಃಶಾಸ್ತ್ರ ಸಿಕ್ಕರೆ ತೆಗೆದುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಎಂ.ಎ. ಕೊನೆಯಲ್ಲಿ ಬರೆಯುವ ಪ್ರಬಂಧ ಇದೆಯಲ್ಲ, ಅದನ್ನು ಸುಮ್ನೆ ಹಾಳು ಮಾಡಬೇಡಿ. ‘ಸಾಮಾಜಿಕ ಜಾಲತಾಣಗಳ ಪ್ರಭಾವ’ ಅಂತ ಎಲ್ಲರೂ ಬರೆಯುವುದನ್ನೇ ಬರೆದರೆ ಸಂದರ್ಶನದಲ್ಲಿ ಅದನ್ನು ಯಾರೂ ತೆರೆದು ನೋಡುವುದಿಲ್ಲ. ಪಾಂಡವಪುರದಲ್ಲಿ ಆಶಾ ಕಾರ್ಯಕರ್ತೆಯರು ಆರೋಗ್ಯ ಮಾಹಿತಿಯನ್ನು ಮನೆಗೆ ಹೇಗೆ ತಲುಪಿಸುತ್ತಾರೆ, ಎಚ್.ಡಿ. ಕೋಟೆಯ ಹಾಡಿಗಳಲ್ಲಿ ರೇಡಿಯೊ ಯಾರು ಕೇಳುತ್ತಾರೆ, ಇಂಥದ್ದನ್ನು ತೆಗೆದುಕೊಳ್ಳಿ. ಹಾಡಿ ಅಂದರೆ ಜೇನು ಕುರುಬ, ಬೆಟ್ಟ ಕುರುಬ, ಯರವ ಮುಂತಾದ ಆದಿವಾಸಿಗಳ ಸಣ್ಣ ವಸತಿ. ಇಂಥ ಪ್ರಬಂಧವೇ ನಿಮ್ಮ ಮೊದಲ ಕೆಲಸದ ಮಾದರಿ ಆಗುತ್ತದೆ.

ಎಡವುವುದು ಎಲ್ಲಿ: ಕೆಲಸ ಸಿಗಲಿಲ್ಲ ಅಂತ ಇನ್ನೊಂದು ಕೋರ್ಸು, ಆಮೇಲೆ ಮತ್ತೊಂದು ಡಿಪ್ಲೊಮಾ. ನಾನಂತೂ ಇದನ್ನು ಹೇಳುವುದಿಲ್ಲ. ಮೂರನೇ ಸರ್ಟಿಫಿಕೇಟಿಗಿಂತ ಮೂರು ಒಳ್ಳೆಯ ವರದಿಗಳು ಮೇಲು.

2. ಸಾಧ್ಯವಾದರೆ ಒಂದು ವರ್ಷ ಸುದ್ದಿಮನೆಯಲ್ಲಿ ಇರಿ

ಕಡ್ಡಾಯ ಅಲ್ಲ, ಆದರೂ ಹೇಳುತ್ತೇನೆ. ಮೈಸೂರಿಗೆ ಆಂದೋಲನ, ಮೈಸೂರು ಮಿತ್ರ, ಸ್ಟಾರ್ ಆಫ್ ಮೈಸೂರ್ ಥರದ ತನ್ನದೇ ಪತ್ರಿಕೆಗಳಿವೆ. ಇಂಥ ಕಡೆ ಒಂದು ವರ್ಷ ಇದ್ದರೆ ತಾಲ್ಲೂಕು ಕಚೇರಿಯಲ್ಲಿ ಯಾವ ಟೇಬಲ್ಲಿಗೆ ಹೋಗಬೇಕು, ಜಿಲ್ಲಾ ಪಂಚಾಯಿತಿ ಸಭೆಯ ನಡಾವಳಿ ಹೇಗೆ ಓದಬೇಕು, ಅಧಿಕಾರಿ ಕೊಟ್ಟ ಅಂಕಿ ಎಲ್ಲಿಂದ ಬಂತು ಅಂತ ಹೇಗೆ ಕೇಳಬೇಕು, ಇದೆಲ್ಲಾ ಮೈಗೆ ಹತ್ತುತ್ತದೆ. ಮಾಹಿತಿ ಹಕ್ಕು ಅರ್ಜಿ ಹಾಕುವುದನ್ನೂ ಕಲಿತುಕೊಳ್ಳಿ, 2005ರ ಕಾಯ್ದೆ ಅದು, ಎನ್‌ಜಿಒಗಳಿಗೂ ದಿನನಿತ್ಯ ಬೇಕಾಗುತ್ತದೆ.

ಪತ್ರಿಕೆ ಬೇಡ ಅಂದರೆ ರೇಡಿಯೊ ಇದೆ. ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಮನೆಯಲ್ಲೇ ಬಾನುಲಿ ಶುರು ಮಾಡಿದ ಊರು ಇದು, ‘ಆಕಾಶವಾಣಿ’ ಅನ್ನುವ ಹೆಸರು ಹುಟ್ಟಿದ್ದೇ ಇಲ್ಲಿ, ಆದರೂ ನಮ್ಮ ವಿದ್ಯಾರ್ಥಿಗಳಿಗೆ ರೇಡಿಯೊ ಕಡೆಯ ಆಯ್ಕೆ! ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸರಗೂರಿನಲ್ಲಿ ಜನಧ್ವನಿ ಅನ್ನುವ ಸಮುದಾಯ ಬಾನುಲಿ ಶುರು ಮಾಡಿತು. ಸಮುದಾಯ ಬಾನುಲಿ ಅಂದರೆ ಒಂದು ಸಣ್ಣ ಪ್ರದೇಶಕ್ಕೆ, ಅಲ್ಲಿನ ಜನರೇ ಸೇರಿ ನಡೆಸುವ ರೇಡಿಯೊ. ಎನ್‌ಜಿಒ ಕೆಲಸ ಮತ್ತು ಪತ್ರಿಕೋದ್ಯಮ ಎರಡೂ ಒಟ್ಟಿಗೆ ಸಿಗುವ ಜಾಗ ಇದು.

ಒಂದು ಎಚ್ಚರಿಕೆ. ಎನ್‌ಜಿಒ ಸೇರಿದ ಮೇಲೂ ಪತ್ರಿಕೆಗೆ ಬರೆಯುವುದನ್ನು ಮುಂದುವರಿಸುತ್ತೀರಿ ಅಂದುಕೊಳ್ಳಿ. ನಿಮ್ಮದೇ ಸಂಸ್ಥೆಯ ಬಗ್ಗೆ ನಿಮ್ಮ ಹೆಸರಲ್ಲಿ ಸುದ್ದಿ ಬರೆಯಬೇಡಿ. ಬರೆದರೆ ಎರಡೂ ಕಡೆ ಮರ್ಯಾದೆ ಹೋಗುತ್ತದೆ. ಪ್ರಕಟಣೆ ಕಳಿಸಿ, ಸುದ್ದಿ ಮಾಡುವುದು ಬಿಡುವುದು ವರದಿಗಾರರಿಗೆ ಬಿಟ್ಟದ್ದು.

3. ಸಂಸ್ಥೆಗಳನ್ನು ಓದಲು ಕಲಿಯಿರಿ

ಅರ್ಜಿ ಹಾಕುವ ಮೊದಲು ಸಂಸ್ಥೆ ಯಾವುದು, ಹಣ ಎಲ್ಲಿಂದ ಬರುತ್ತದೆ ಅಂತ ತಿಳಿಯಬೇಕು. ನಮ್ಮ ಸುತ್ತಮುತ್ತ ದೊಡ್ಡ ಪರಂಪರೆಯೇ ಇದೆ. ಟಿಬೆಟ್ ನಿರಾಶ್ರಿತರಿಗೆ ನೆಲೆ ಕಲ್ಪಿಸುವ ಕೆಲಸಕ್ಕೆ ಅಂತ 1968ರಲ್ಲಿ ಶುರುವಾದ ಮೈರಾಡ ಆಮೇಲೆ ಸ್ವಸಹಾಯ ಸಂಘಗಳ ಕಡೆ ಹೊರಳಿತು. ಮೇಲೆ ಹೇಳಿದ ಯೂತ್ ಮೂವ್‌ಮೆಂಟ್ 1984ರಲ್ಲಿ ಮೈಸೂರಿನ ವೈದ್ಯ ವಿದ್ಯಾರ್ಥಿಗಳು ಕಟ್ಟಿದ್ದು, ಎಚ್.ಡಿ. ಕೋಟೆ ಕಡೆ ಆಸ್ಪತ್ರೆ, ಶಾಲೆ ನಡೆಸುತ್ತದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಜೊತೆ ಕೆಲಸ ಮಾಡುವ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಇದೆ. ಮೈಸೂರಿನಲ್ಲೇ, ಮಾನವ ಸಾಗಣೆಗೆ ಸಿಕ್ಕ ಹೆಣ್ಣುಮಕ್ಕಳ ಪುನರ್ವಸತಿಗೆ ದುಡಿಯುವ ಒಡನಾಡಿ ಇದೆ. ಇವುಗಳ ವಾರ್ಷಿಕ ವರದಿಗಳನ್ನು ಹುಡುಕಿ ಓದಿ. ಕಮ್ಯುನಿಕೇಷನ್‌ನವರ ಕೆಲಸ ಏನು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಪಠ್ಯ ಇಲ್ಲ.

ಕೆಲವು ಪದಗಳು ಗೊತ್ತಿರಲಿ. ಎನ್‌ಜಿಒ ಮೂರು ರೂಪದಲ್ಲಿ ಇರಬಹುದು: ಟ್ರಸ್ಟ್, ಸೊಸೈಟಿ (ಅಂದರೆ ನೋಂದಾಯಿತ ಸಂಘ), ಇಲ್ಲವೇ ಸೆಕ್ಷನ್ 8 ಕಂಪನಿ (ಅಂದರೆ ಲಾಭ ಹಂಚಿಕೊಳ್ಳದ ಕಂಪನಿ). 80ಜಿ ಅಂತ ಎಲ್ಲರೂ ಕರೆಯುವುದು ದಾನಿಗೆ ತೆರಿಗೆ ರಿಯಾಯಿತಿ ಸಿಗುವ ನೋಂದಣಿ. ದರ್ಪಣ್ ಅನ್ನುವುದು ನೀತಿ ಆಯೋಗದ ಪೋರ್ಟಲ್, ಅಲ್ಲಿ ಸಂಸ್ಥೆಯ ಹೆಸರು ಹಾಕಿ ನೋಡಬಹುದು. ಎಫ್‌ಸಿಆರ್‌ಎ ಅಂದರೆ ವಿದೇಶಿ ದೇಣಿಗೆ ಪಡೆಯಲು ಬೇಕಾದ ಅನುಮತಿಯ ಕಾಯ್ದೆ.

ಈ ಕೊನೆಯದ್ದು ನಿಮ್ಮ ಸಂಬಳಕ್ಕೇ ಸಂಬಂಧಪಟ್ಟದ್ದು, ಅದಕ್ಕೇ ಸ್ವಲ್ಪ ನಿಂತು ಹೇಳುತ್ತೇನೆ. 2020ರ ತಿದ್ದುಪಡಿಯಲ್ಲಿ ವಿದೇಶಿ ದೇಣಿಗೆಯಿಂದ ಆಡಳಿತಕ್ಕೆ ಖರ್ಚು ಮಾಡುವ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿದರು. ಒಂದು ಸಂಸ್ಥೆ ಆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವುದನ್ನೂ ನಿಲ್ಲಿಸಿದರು. ದೊಡ್ಡವರ ಮೂಲಕ ಹಣ ಪಡೆಯುತ್ತಿದ್ದ ತಾಲ್ಲೂಕು ಮಟ್ಟದ ಸಣ್ಣ ಸಂಸ್ಥೆಗಳಿಗೆ ಇದು ದೊಡ್ಡ ಪೆಟ್ಟು. ಕಚೇರಿಯಲ್ಲಿ ಕೂತು ಬರೆಯುವವರ ಸಂಬಳ ಆಡಳಿತದ ಖರ್ಚಿಗೆ ಸೇರಬಹುದಾದ್ದರಿಂದ ಸಂಸ್ಥೆಗಳು ಲೆಕ್ಕ ಹಾಕಿ ಜನ ತೆಗೆದುಕೊಳ್ಳುತ್ತವೆ, ಹುದ್ದೆಯನ್ನು ಯಾವುದಾದರೂ ಪ್ರಾಜೆಕ್ಟಿಗೆ ಕಟ್ಟಿ ಹಾಕುತ್ತವೆ. ಪ್ರಾಜೆಕ್ಟ್ ಮುಗಿದರೆ ಹುದ್ದೆಯೂ ಮುಗಿಯುತ್ತದೆ. ಸಂದರ್ಶನದಲ್ಲಿ ‘ಈ ಹುದ್ದೆ ಯಾವ ಹಣದಲ್ಲಿ, ಎಷ್ಟು ತಿಂಗಳಿಗೆ?’ ಅಂತ ಕೇಳಲು ನಾಚಿಕೆ ಪಡಬೇಡಿ.

4. ಬರವಣಿಗೆಯನ್ನು ಬದಲಿಸಿಕೊಳ್ಳಿ

ಇದೇ ಮುಖ್ಯ ಹಂತ. ಪತ್ರಕರ್ತರು ಸೋಲುವುದೂ ಇಲ್ಲೇ, ಗೆಲ್ಲುವುದೂ ಇಲ್ಲೇ.

ಒಂದು ನಿಜವಾದ ವಿಷಯ ತೆಗೆದುಕೊಳ್ಳೋಣ. 2023ರ ಕೊನೆಯಲ್ಲಿ ಭ್ರೂಣಲಿಂಗ ಪತ್ತೆ ಜಾಲವೊಂದು ಹೊರಬಿತ್ತು. ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿತ್ತು ಅನ್ನುವ ಸುದ್ದಿ ರಾಜ್ಯಕ್ಕೆಲ್ಲಾ ಗೊತ್ತು. ಲಿಂಗ ಪತ್ತೆಯನ್ನು 1994ರ ಕಾಯ್ದೆಯೇ ನಿಷೇಧಿಸಿದೆ. ವರದಿಗಾರರಾಗಿ ನಿಮ್ಮ ಪ್ರಶ್ನೆಗಳು ಸ್ಪಷ್ಟ: ಯಾರನ್ನು ಹಿಡಿದರು, ಎಷ್ಟು ದಿನದಿಂದ ನಡೆಯುತ್ತಿತ್ತು, ಯಂತ್ರ ಎಲ್ಲಿಂದ ಬಂತು, ಯಾವ ಅಧಿಕಾರಿ ಕಣ್ಣು ಮುಚ್ಚಿ ಕೂತಿದ್ದರು.

ಈಗ ನೀವು ಮಂಡ್ಯದಲ್ಲಿ ಮಹಿಳೆಯರ ಆರೋಗ್ಯದ ಮೇಲೆ ಕೆಲಸ ಮಾಡುವ ಸಂಸ್ಥೆಯಲ್ಲಿದ್ದೀರಿ ಅಂದುಕೊಳ್ಳಿ. ಇದೇ ವಿಷಯಕ್ಕೆ ನೀವು ಮೂರು ಜನಕ್ಕೆ ಬರೆಯಬೇಕು.

ಮೊದಲನೆಯವರು ಹಣ ಕೊಟ್ಟವರು. ಅವರಿಗೆ ‘120 ಸಭೆ ಮಾಡಿದೆವು’ ಅಂದರೆ ಅದು ಔಟ್‌ಪುಟ್, ಅಂದರೆ ನೀವು ಮಾಡಿದ ಕೆಲಸದ ಎಣಿಕೆ. ಸಭೆಯ ಆಮೇಲೆ ಏನಾದರೂ ಬದಲಾಯಿತಾ ಅನ್ನುವುದು ಔಟ್‌ಕಮ್. ಬಸುರಿ ಹೆಂಗಸರು ಮೊದಲ ಮೂರು ತಿಂಗಳಲ್ಲೇ ಹೆಸರು ನೋಂದಾಯಿಸುವುದು ಹೆಚ್ಚಿತಾ? ಹೆಚ್ಚಿದೆ ಅನ್ನಬೇಕಾದರೆ ಶುರುವಿನಲ್ಲಿ ಎಷ್ಟಿತ್ತು ಅನ್ನುವುದು ಬೇಕು, ಅದಕ್ಕೆ ಬೇಸ್‌ಲೈನ್ ಅನ್ನುತ್ತಾರೆ. ಬೇಸ್‌ಲೈನ್ ಇಲ್ಲದೆ ‘ಗಣನೀಯವಾಗಿ ಸುಧಾರಿಸಿದೆ’ ಅಂತ ಬರೆಯಲು ನಿಮ್ಮ ಮೇಲಿನವರು ಹೇಳಬಹುದು. ಬರೆಯಬೇಡಿ. ಪರಿಶೀಲಿಸುವ ಅಭ್ಯಾಸ ಬೇಕು ಅಂದದ್ದು ಇಂಥ ದಿನಕ್ಕೇ.

ಎರಡನೆಯವರು ಪತ್ರಿಕೆಯವರು. ಅವರಿಗೆ ಬೇಕಾದ್ದು ನಿಮಗೆ ಗೊತ್ತೇ ಇದೆ, ಮುಖ್ಯ ಸಂಗತಿ ಮೊದಲ ಸಾಲಿನಲ್ಲಿ ಇಟ್ಟು ಉಳಿದದ್ದನ್ನು ಇಳಿಸುತ್ತಾ ಹೋಗುವುದು. ‘ಕಾರ್ಯಕ್ರಮವನ್ನು ದೀಪ ಬೆಳಗಿಸುವ ಮೂಲಕ ಉದ್ಘಾಟಿಸಲಾಯಿತು’ ಅಂತ ಶುರುವಾಗುವ ಪ್ರಕಟಣೆ ನೇರ ಕಸದ ಬುಟ್ಟಿಗೆ ಹೋಗುತ್ತದೆ.

ಮೂರನೆಯವರು ಆ ಊರಿನ ಅತ್ತೆ, ಸೊಸೆ, ಮಗ. ಇವರಿಗೆ ಬರೆಯುವುದು ಎಲ್ಲಕ್ಕಿಂತ ಕಷ್ಟ. ಇದನ್ನು ಐಇಸಿ ಅನ್ನುತ್ತಾರೆ: ಮಾಹಿತಿ, ಶಿಕ್ಷಣ, ಸಂವಹನಕ್ಕೆ ಅಂತ ಮಾಡುವ ಕರಪತ್ರ, ಗೋಡೆ ಬರಹ, ಬೀದಿ ನಾಟಕ. ಇಲ್ಲಿ ಪತ್ರಿಕೆಯ ಭಾಷೆಯನ್ನು ಹಾಗೇ ತಂದರೆ ಅಪಾಯ. ‘ಗರ್ಭಪಾತ ಕೊಲೆ’ ಅಂತ ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆದಿರಿ ಅನ್ನಿ. ಗರ್ಭಪಾತ ಕಾನೂನಿನ ಮಿತಿಯಲ್ಲಿ ನಮ್ಮ ದೇಶದಲ್ಲಿ 1971ರ ಕಾಯ್ದೆಯಡಿ ಸಮ್ಮತ, 2021ರ ತಿದ್ದುಪಡಿ ಕೆಲವು ವರ್ಗದ ಮಹಿಳೆಯರಿಗೆ 24 ವಾರಗಳವರೆಗೂ ಅವಕಾಶ ಕೊಟ್ಟಿದೆ. ನಿಷಿದ್ಧವಾದದ್ದು ಲಿಂಗ ಪತ್ತೆ ಮತ್ತು ಲಿಂಗ ನೋಡಿ ತೆಗೆಸುವುದು. ನಿಮ್ಮ ಗೋಡೆ ಬರಹ ಇವೆರಡನ್ನು ಕಲಸಿಬಿಟ್ಟರೆ, ಪ್ರಾಣಕ್ಕೆ ಅಪಾಯ ಇರುವ ಹೆಂಗಸು ಸರ್ಕಾರಿ ಆಸ್ಪತ್ರೆಗೆ ಹೋಗಲು ಹೆದರಿ ಹಳ್ಳಿಯ ಯಾವನೋ ನಕಲಿ ವೈದ್ಯನ ಹತ್ತಿರ ಹೋಗುತ್ತಾಳೆ. ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ ತಿದ್ದುಪಡಿ ಹಾಕಬಹುದು, ಗೋಡೆ ಬರಹ ವರ್ಷಗಟ್ಟಲೆ ಅಲ್ಲೇ ಇರುತ್ತದೆ.

ಕರಪತ್ರ ಬರೆದ ಮೇಲೆ ಅಚ್ಚಿಗೆ ಕೊಡುವ ಮೊದಲು ಒಬ್ಬ ಆಶಾ ಕಾರ್ಯಕರ್ತೆಗೆ, ಓದಲು ಬಾರದ ಇಬ್ಬರು ಹೆಂಗಸರಿಗೆ ಓದಿ ಹೇಳಿ. ‘ಅರ್ಥ ಆಯ್ತಾ?’ ಅಂತ ಕೇಳಬೇಡಿ, ಪಾಪ ಎಲ್ಲರೂ ಆಯ್ತು ಅನ್ನುತ್ತಾರೆ. ‘ಈಗ ನಿಮ್ಮ ಅಕ್ಕಪಕ್ಕದವರಿಗೆ ಹೇಗೆ ಹೇಳ್ತೀರಿ, ಹೇಳಿ ನೋಡೋಣ’ ಅನ್ನಿ. ಅವರು ಹೇಳಿದ್ದು ನಿಮ್ಮ ಕರಪತ್ರಕ್ಕಿಂತ ಚೆನ್ನಾಗಿದ್ದರೆ ಅದನ್ನೇ ಅಚ್ಚು ಹಾಕಿಸಿ.

ಇನ್ನು ಕೇಸ್ ಸ್ಟಡಿ, ಅಂದರೆ ಒಬ್ಬ ವ್ಯಕ್ತಿಯ ಕಥೆಯ ಮೂಲಕ ಕೆಲಸವನ್ನು ತೋರಿಸುವುದು. ಎಲ್ಲಾ ಸಂಸ್ಥೆಗಳೂ ಕೇಳುತ್ತವೆ, ಮುಕ್ಕಾಲು ಪಾಲು ಒಂದೇ ಅಚ್ಚಿನಲ್ಲಿ ಬರುತ್ತವೆ: ಬಡ ಹೆಂಗಸು, ಕುಡುಕ ಗಂಡ, ಸಂಸ್ಥೆ ಬಂತು, ಈಗ ಮುಖದಲ್ಲಿ ನಗು. ಓದಿದವರಿಗೆ ಏನೂ ತಿಳಿಯುವುದಿಲ್ಲ, ಆ ಹೆಂಗಸಿಗೆ ಅವಮಾನ ಬೇರೆ. ಅವರು ಸಂಸ್ಥೆ ಬರುವ ಮೊದಲು ಏನೇನು ಪ್ರಯತ್ನ ಮಾಡಿದ್ದರು, ಸಾಲ ಎಷ್ಟಿತ್ತು, ಕಬ್ಬಿನ ಬಾಕಿ ಹಣ ಯಾವಾಗ ಬಂತು, ಸಂಘದಲ್ಲಿ ಜಗಳ ಆಗಿತ್ತಾ, ಈಗಲೂ ಏನು ಸರಿಹೋಗಿಲ್ಲ, ಇದನ್ನೆಲ್ಲಾ ಕೇಳಿ ಬರೆಯಿರಿ. ಸರಿಹೋಗದ್ದನ್ನು ಬರೆದರೆ ದಾನಿ ಓಡಿಹೋಗುತ್ತಾರೆ ಅಂತ ಆಫೀಸಿನಲ್ಲಿ ಹೆದರಿಸುತ್ತಾರೆ. ಅನುಭವ ಇರುವ ದಾನಿಗಳು ನಂಬದೇ ಇರುವುದು ಬರೀ ನಗು ಇರುವ ವರದಿಯನ್ನು.

5. ಒಪ್ಪಿಗೆ, ಫೋಟೊ, ಕಾನೂನು

ವರದಿಗಾರರು ಸುದ್ದಿ ಬರೆದು ಮುಂದಿನ ಸುದ್ದಿಗೆ ಹೋಗುತ್ತಾರೆ. ನೀವು ನಾಳೆ ಅದೇ ಬೀದಿಗೆ ಹೋಗಬೇಕು. ಅದಕ್ಕೇ ಇಲ್ಲಿ ಒಪ್ಪಿಗೆ ಅನ್ನುವುದು ಬರೀ ಸಹಿ ಅಲ್ಲ.

ಒಪ್ಪಿಗೆ ಪತ್ರ ಕನ್ನಡದಲ್ಲಿ ಇರಲಿ, ಜೋರಾಗಿ ಓದಿ ಹೇಳಿ. ಫೋಟೊ ಎಲ್ಲಿ ಹಾಕುತ್ತೀರಿ, ಯಾರು ನೋಡುತ್ತಾರೆ ಅಂತ ಫೋನಿನಲ್ಲೇ ತೋರಿಸಿ. ಮುಂದೆ ಬೇಡ ಅನ್ನಿಸಿದರೆ ಯಾರಿಗೆ ಹೇಳಬೇಕು ಅನ್ನುವುದನ್ನೂ ತಿಳಿಸಿ. ತುಂಬಾ ಜನ ಮರೆಯುವುದು ಒಂದಿದೆ: ಔಷಧಿ ಕೊಡುವ ನರ್ಸು, ಸಾಲ ಕೊಡಿಸುವ ಕಾರ್ಯಕರ್ತ ಪಕ್ಕದಲ್ಲೇ ನಿಂತಿದ್ದರೆ ಯಾರೂ ‘ಬೇಡ’ ಅನ್ನುವುದಿಲ್ಲ. ಅವರನ್ನು ಸ್ವಲ್ಪ ದೂರ ಕಳಿಸಿ ಕೇಳಿ.

ಮಕ್ಕಳ ವಿಷಯದಲ್ಲಿ ಕಾನೂನು ಬಿಗಿಯಾಗಿದೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್, ರಕ್ಷಣೆಯಲ್ಲಿರುವ ಮಕ್ಕಳು, ನೊಂದ ಮಕ್ಕಳು, ಆರೋಪ ಹೊತ್ತ ಮಕ್ಕಳು ಯಾರು ಅಂತ ಗೊತ್ತಾಗುವ ಹೆಸರು, ವಿಳಾಸ, ಶಾಲೆ ಏನನ್ನೂ ಪ್ರಕಟಿಸಬಾರದು ಅನ್ನುತ್ತದೆ. ಮೀರಿದರೆ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಕೂಡ ಇಂಥದ್ದೇ. ಅತ್ಯಾಚಾರಕ್ಕೆ ಒಳಗಾದವರ ಗುರುತು ಹೊರಗೆ ಹಾಕುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಈ ಕಾನೂನುಗಳೆಲ್ಲಾ ಪತ್ರಿಕೆಗೆ ಮಾತ್ರ, ವಾಟ್ಸ್ಯಾಪ್ ಗುಂಪಿಗೆ ಅಲ್ಲ ಅಂದುಕೊಂಡವರು ಇನ್ನೂ ಇದ್ದಾರೆ.

ಮುಖ ಮಸುಕು ಮಾಡಿದರೆ ಸಾಕು ಅಂದುಕೊಳ್ಳಬೇಡಿ. ಸಮವಸ್ತ್ರದ ಬಣ್ಣ, ಹಿಂದೆ ಶಾಲೆಯ ಬೋರ್ಡು, ಕೆಳಗೆ ಊರಿನ ಹೆಸರು ಇದ್ದರೆ ಆ ತಾಲ್ಲೂಕಿನ ಯಾರು ಬೇಕಾದರೂ ಮಗುವನ್ನು ಗುರುತು ಹಿಡಿಯುತ್ತಾರೆ. 30 ಮನೆ ಇರುವ ಹಾಡಿಯಲ್ಲಂತೂ ‘ಹೆಸರು ಬದಲಿಸಲಾಗಿದೆ’ ಅನ್ನುವುದು ತಮಾಷೆ ಅಷ್ಟೇ. ಫೋನಿನಲ್ಲಿ ತೆಗೆದ ಫೋಟೊದೊಳಗೆ ಜಾಗದ ವಿವರ ಸೇರಿಕೊಂಡಿರಬಹುದು, ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಷನ್ ಆಫ್ ಮಾಡಿ.

6. ಕೈಕೆಲಸ

ಹೆಚ್ಚು ಹೇಳುವುದಿಲ್ಲ. ಯೂನಿಕೋಡ್‌ನಲ್ಲಿ ಟೈಪ್ ಮಾಡಲು ಕಲಿಯಿರಿ. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ವೆಬ್‌ಸೈಟಿಗೆ ಹಾಗೇ ಹಾಕಿದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಮುದ್ರಣಾಲಯದವರು ಮಾತ್ರ ಆ ಹಳೆಯ ಫಾಂಟನ್ನೇ ಕೇಳಬಹುದು. ಹಾಗಾಗಿ ಎರಡರ ನಡುವೆ ಬದಲಿಸುವ ಪರಿವರ್ತಕ ಬಳಸಿ, ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಕಣ್ಣಿಟ್ಟು ನೋಡಿ, ಹಾಳಾಗುವುದು ಅಲ್ಲೇ.

ಉಳಿದಂತೆ ಪೋಸ್ಟರ್ ವಿನ್ಯಾಸಕ್ಕೆ ಕ್ಯಾನ್ವಾ, ಫೋನಿನಲ್ಲೇ ವಿಡಿಯೊ ಎಡಿಟ್, ಕನ್ನಡ ಸಬ್‌ಟೈಟಲ್. ಧ್ವನಿ ಮುಖ್ಯ, ಸಾಧಾರಣ ಕಾಲರ್ ಮೈಕ್ ಒಂದು ಇಟ್ಟುಕೊಳ್ಳಿ. ಎಕ್ಸೆಲ್‌ನಲ್ಲಿ ವಿಂಗಡಿಸುವುದು, ಶೇಕಡಾ ಲೆಕ್ಕ, ಪಿವಟ್ ಟೇಬಲ್ (ಉದ್ದದ ಪಟ್ಟಿಯನ್ನು ಗುಂಪು ಮಾಡಿ ಮೊತ್ತ ತೋರಿಸುವ ಕೋಷ್ಟಕ) ಇಷ್ಟು ಬಂದರೆ ಅರ್ಧ ಯುದ್ಧ ಗೆದ್ದ ಹಾಗೆ. ಪತ್ರಿಕೋದ್ಯಮದವರು ಇದನ್ನೇ ತಪ್ಪಿಸಿಕೊಂಡು ಓಡಾಡುತ್ತಾರೆ.

7. ತೋರಿಸಲು ಐದು ಕೆಲಸ ಇಟ್ಟುಕೊಳ್ಳಿ

ಪೋರ್ಟ್‌ಫೋಲಿಯೊ ಅಂದರೆ ನಿಮ್ಮ ಕೆಲಸದ ಮಾದರಿಗಳ ಕಡತ. ಐವತ್ತು ಬೈಲೈನ್ ಕಳಿಸಬೇಡಿ, ಯಾರಿಗೂ ಓದಲು ಸಮಯ ಇಲ್ಲ. ಐದು ಸಾಕು: ಅಂಕಿ ಅಂಶ ಇರುವ ಒಂದು ವರದಿ, ಒಬ್ಬ ವ್ಯಕ್ತಿಯ ಕಥೆ, ಒಂದು ಕನ್ನಡ ಕರಪತ್ರ, ಎರಡು ನಿಮಿಷದ ಒಂದು ವಿಡಿಯೊ, ಒಂದು ಪತ್ರಿಕಾ ಪ್ರಕಟಣೆ. ಒಂದೇ ವಿಷಯವನ್ನು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಬರೆದ ಮಾದರಿ ಇದ್ದರೆ ಮೇಲೆ ಇಡಿ.

ಇವು ಇಲ್ಲದಿದ್ದರೆ ಹತ್ತಿರದ ಸಣ್ಣ ಸಂಸ್ಥೆಗೆ ಹೋಗಿ. ‘ಏನಾದ್ರೂ ಕೆಲಸ ಇದ್ರೆ ಕೊಡಿ ಸರ್’ ಅಂದರೆ ಕುರ್ಚಿ ಜೋಡಿಸುವ ಕೆಲಸ ಸಿಗುತ್ತದೆ. ‘ನಿಮ್ಮ ಹೊಲಿಗೆ ತರಬೇತಿಯ ಬಗ್ಗೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ನಾಲ್ಕು ಪುಟದ ವರದಿ ಮಾಡಿಕೊಡ್ತೀನಿ, ಎರಡು ತಿಂಗಳು ಬೇಕು’ ಅನ್ನಿ. ಕೊನೆಯ ದಿನ ಮೊದಲೇ ಹೇಳಿ, ಇಲ್ಲದಿದ್ದರೆ ಬಿಟ್ಟಿ ಕೆಲಸ ಮುಗಿಯುವುದೇ ಇಲ್ಲ. ಮಾದರಿಯಾಗಿ ಬೇರೆಯವರಿಗೆ ತೋರಿಸಬಹುದು ಅಂತ ಒಂದು ಇಮೇಲ್‌ನಲ್ಲಿ ಒಪ್ಪಿಗೆ ಪಡೆಯಿರಿ.

8. ಅರ್ಜಿ, ಸಂದರ್ಶನ, ಸಂಬಳ

ಡೆವ್‌ನೆಟ್ ಜಾಬ್ಸ್ ಇಂಡಿಯಾ, ಎನ್‌ಜಿಒ ಬಾಕ್ಸ್, ಲಿಂಕ್ಡ್‌ಇನ್ ಈ ಮೂರು ನೋಡುತ್ತಿರಿ. ಹುಡುಕುವಾಗ ಬರೀ ‘ಕಮ್ಯುನಿಕೇಷನ್’ ಅಂತ ಹಾಕಬೇಡಿ, ‘ಡಾಕ್ಯುಮೆಂಟೇಷನ್’, ‘ನಾಲೆಜ್ ಮ್ಯಾನೇಜ್‌ಮೆಂಟ್’, ‘ಔಟ್‌ರೀಚ್’, ‘ಕನ್ನಡ’ ಅಂತಲೂ ಹಾಕಿ. ಮೈಸೂರು, ಮಂಡ್ಯದ ಸಣ್ಣ ಸಂಸ್ಥೆಗಳು ಎಷ್ಟೋ ಸಲ ಜಾಹೀರಾತೇ ಕೊಡುವುದಿಲ್ಲ. ಅಲ್ಲಿಗೆ ಒಂದು ಪುಟದ ಪತ್ರ, ಐದು ಮಾದರಿ ನೇರವಾಗಿ ಕಳಿಸಿ. ಇನ್ನೂ ದಾರಿ ಸ್ಪಷ್ಟ ಇಲ್ಲದವರು ಫೆಲೋಶಿಪ್ ನೋಡಬಹುದು. ಉದಾಹರಣೆಗೆ ಎಸ್‌ಬಿಐ ಯೂತ್ ಫಾರ್ ಇಂಡಿಯಾ 13 ತಿಂಗಳು ಹಳ್ಳಿಯಲ್ಲಿದ್ದು ಕೆಲಸ ಮಾಡುವ ಅವಕಾಶ, ಖರ್ಚಿಗೆ ಭತ್ಯೆ ಇರುತ್ತದೆ.

ಸಂದರ್ಶನದಲ್ಲಿ ಒಂದು ಬರಹದ ಪರೀಕ್ಷೆ ಇರುವುದು ಮಾಮೂಲು. ಒಂದು ಎಕ್ಸೆಲ್ ಶೀಟ್, ಎರಡು ಪುಟ ಟಿಪ್ಪಣಿ ಕೊಟ್ಟು 300 ಪದದಲ್ಲಿ ಬರೆಯಿರಿ ಅನ್ನುತ್ತಾರೆ. ಕೊಟ್ಟ ಮಾಹಿತಿಯಲ್ಲಿ ಲೆಕ್ಕ ತಾಳೆಯಾಗದಿದ್ದರೆ ಅದನ್ನು ಕೆಳಗೆ ಬರೆದು ತಿಳಿಸಿ. ಕೆಲವರು ಬೇಕಂತಲೇ ತಪ್ಪು ಇಟ್ಟಿರುತ್ತಾರೆ.

‘ಪತ್ರಕರ್ತರು ನೀವು, ನಮ್ಮ ತಪ್ಪು ಹೊರಗೆ ಹಾಕ್ತೀರಾ?’ ಅಂತ ನಗುತ್ತಾ ಕೇಳುವವರೂ ಸಿಗುತ್ತಾರೆ. ಒಳಗಿನ ತಪ್ಪನ್ನು ಮೊದಲು ಒಳಗೆ ಬರವಣಿಗೆಯಲ್ಲಿ ತಿಳಿಸುತ್ತೇನೆ, ಸುಳ್ಳು ಅಂಕಿಗೆ ಮಾತ್ರ ಕೈಹಾಕುವುದಿಲ್ಲ ಅಂತ ನೇರವಾಗಿ ಹೇಳಿ. ಈ ಉತ್ತರ ಇಷ್ಟವಾಗದ ಕಡೆ ಕೆಲಸ ಸಿಗದಿದ್ದರೆ ನಷ್ಟ ಏನೂ ಇಲ್ಲ.

ಇನ್ನು ದುಡ್ಡು. ‘ಸೇವಾ ಮನೋಭಾವ ಇರಬೇಕು’ ಅಂತ ಸಂಬಳದ ಮಾತು ಬಂದಾಗ ಮಾತ್ರ ನೆನಪಿಸುವವರ ಬಗ್ಗೆ ಹುಷಾರು. ನೇಮಕ ಉದ್ಯೋಗಿಯಾಗಿಯೋ ಕನ್ಸಲ್ಟೆಂಟ್ ಆಗಿಯೋ ಅಂತ ಕೇಳಿ. ಕನ್ಸಲ್ಟೆಂಟ್ ಅಂದರೆ ಗುತ್ತಿಗೆಯ ಮೇಲೆ ಕೆಲಸ ಮಾಡುವ ಹೊರಗಿನವರು. ವೃತ್ತಿಪರ ಶುಲ್ಕ ಅಂತ ಕೊಡುವಾಗ ಸಾಮಾನ್ಯವಾಗಿ ಶೇ 10 ಟಿಡಿಎಸ್ (ಅಂದರೆ ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದುಕೊಳ್ಳುತ್ತಾರೆ, ಪಿಎಫ್ (ಭವಿಷ್ಯ ನಿಧಿ) ಇರುವುದಿಲ್ಲ, ರಜೆಗೆ ದುಡ್ಡಿಲ್ಲ. ಆದಾಯ ತೆರಿಗೆ ರಿಟರ್ನ್ ಹಾಕಿದರೆ ಹಿಡಿದ ಟಿಡಿಎಸ್ ಲೆಕ್ಕಕ್ಕೆ ಬರುತ್ತದೆ, ಎಷ್ಟೋ ಹೊಸಬರು ಹಾಕದೇ ಬಿಡುತ್ತಾರೆ. ಉದ್ಯೋಗಿಯಾಗಿ ಸೇರುವುದಾದರೆ, 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಪಿಎಫ್ ಕಾನೂನು ಅನ್ವಯಿಸುತ್ತದೆ, ಅದು ಇದೆಯಾ ನೋಡಿ.

ಒಪ್ಪಂದಕ್ಕೆ ಸಹಿ ಮಾಡುವ ಮೊದಲು ಇನ್ನೆರಡು ವಿಷಯ ಬರವಣಿಗೆಯಲ್ಲಿ ಇರಲಿ. ಒಂದು, ನೀವು ಬರೆದದ್ದನ್ನು ಕೆಲಸ ಬಿಟ್ಟ ಮೇಲೂ ಮಾದರಿಯಾಗಿ ತೋರಿಸಬಹುದಾ. ಎರಡು, ಕ್ಷೇತ್ರ ಭೇಟಿಯ ಖರ್ಚು ಯಾರದು. ಸಂಜೆಯವರೆಗೂ ಹಾಡಿಯಲ್ಲಿ ಮಾತಾಡಿಸಿ ಹೊರಡುವ ಹೊತ್ತಿಗೆ ಕೊನೆಯ ಬಸ್ಸು ಹೋಗಿರುತ್ತದೆ. ಆ ರಾತ್ರಿ ಉಳಿದುಕೊಳ್ಳುವ ವ್ಯವಸ್ಥೆ, ಹೆಣ್ಣುಮಕ್ಕಳಾದರೆ ಜೊತೆಗೆ ಬರುವ ಕಾರ್ಯಕರ್ತೆ, ಕ್ಯಾಮೆರಾ ಕೆಟ್ಟರೆ ರಿಪೇರಿ, ಇದೆಲ್ಲಾ ಸಂಸ್ಥೆಯದ್ದು ಅಂತ ಮೊದಲೇ ಬರೆಸಿಕೊಳ್ಳಿ.